ಮೊದಲು ಹಲ್ಲು ನೋಡಿ, ಆಮೇಲೆ ಹಠ

ಬಾಗಲಕೋಟೆಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ಬನಹಟ್ಟಿಯ ಒಂದು ನೇಕಾರರ ಮನೆ ಎಂದಿಟ್ಟುಕೊಳ್ಳಿ. ಒಂಬತ್ತು ವರ್ಷದ ಹುಡುಗ, ಆಟಿಸಂ ಇದೆ, ಮಾತು ಬಂದಿಲ್ಲ. ಪವರ್‌ಲೂಮಿನ ಖಟಖಟದ ನಡುವೆಯೇ ಬೆಳೆದವನು. ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತ ತನ್ನ ಪಾಡಿಗೆ ತಾನಿರುವವನು. ಒಂದು ವಾರದಿಂದ ರೊಟ್ಟಿಯ ತಾಟು ಎಸೆಯುತ್ತಿದ್ದಾನೆ, ರಾತ್ರಿ ಮಲಗುವುದಿಲ್ಲ, ಕೆನ್ನೆ ಕೆಂಪಾಗುವಂತೆ ಬಡಿದುಕೊಳ್ಳುತ್ತಾನೆ, ಹಿಡಿಯಲು ಹೋದ ಅವ್ವನನ್ನೇ ಕಚ್ಚುತ್ತಾನೆ. ಅಜ್ಜಿಯ ಲೆಕ್ಕದಲ್ಲಿ ಗಾಳಿ ಸೋಕೈತಿ. ಓಣಿಯವರದು ಇನ್ನೊಂದು ಸಲಹೆ: “ಹಠ ಭಾಳ ಆತು, ಎರಡು ಬಿಗೀರಿ.” ದವಡೆ ಹಲ್ಲು ಹುಳುಕಾಗಿ ಒಸಡು ಬಾತಿರುವುದು ಯಾರ ಕಣ್ಣಿಗೂ ಬಿದ್ದಿಲ್ಲ, ಏಕೆಂದರೆ ಬಾಯಿ ತೆಗೆಸಿ ನೋಡಿದವರೇ ಇಲ್ಲ.

ಮನೆ ಕಲ್ಪನೆಯದು, ಆದರೆ ಪಾಡು ಕಲ್ಪನೆಯದಲ್ಲ. ಮಾತಿಲ್ಲದ ಮಗು ಏಕಾಏಕಿ ಬದಲಾದರೆ ಮೊದಲು ದೇಹ ನೋಡಬೇಕು ಎನ್ನುವುದು ಆಟಿಸಂ ಬಲ್ಲ ವೈದ್ಯರು ಒಪ್ಪುವ ಮಾತು. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಆಟಿಸಂ ಚಿಕಿತ್ಸಾ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಹಲ್ಲುನೋವು, ಕಿವಿಸೋಂಕು, ದಿನಗಟ್ಟಲೆ ಕಟ್ಟಿಕೊಂಡ ಮಲ, ಎದೆಯುರಿ – ಇವು ಸಾಮಾನ್ಯ ಕಾರಣಗಳು. ಮೂರ್ಛೆರೋಗ ಆಟಿಸಂ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು, ಹದಿಹರೆಯದಲ್ಲಿ ಹೊಸದಾಗಿ ಶುರುವಾಗುವುದೂ ಉಂಟು. ಹುಡುಗಿಯರಿಗೆ ಮೊದಲ ಮುಟ್ಟಿನ ಹೊಟ್ಟೆನೋವು. ಯಾರಾದರೂ ಹೊಡೆದಿರಬಹುದು, ಮುಟ್ಟಬಾರದ ಕಡೆ ಮುಟ್ಟಿರಬಹುದು. ಆ ಅನುಮಾನವನ್ನೂ ಬಾಯಿಬಿಟ್ಟು ಕೇಳಲೇಬೇಕು.

ದೇಹದಲ್ಲಿ ಏನೂ ಸಿಗದಿದ್ದರೆ ಸುತ್ತಲಿನ ದಿನಚರಿ ನೋಡಬೇಕು. ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಬೀಳಗಿಯ ರಸ್ತೆಗಳಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರ್ ಸಾಲು. ಕೆಲವುಗಳ ಮೇಲೆ ಊರೇ ಎದ್ದು ಕೂಡುವಂಥ ಹಾಡು. ರಸ್ತೆ ಪಕ್ಕದ ಮನೆಯ ಮಗು ನಾಲ್ಕು ರಾತ್ರಿ ನಿದ್ದೆಗೆಟ್ಟರೆ ಐದನೆಯ ದಿನ ಕೆರಳುವುದರಲ್ಲಿ ಆಶ್ಚರ್ಯವೇನು? ಶಾಲೆಯ ಟೀಚರ್ ವರ್ಗವಾಗಿ ಹೋದದ್ದು, ಎತ್ತಿ ಆಡಿಸುತ್ತಿದ್ದ ಅತ್ತೆ ಮದುವೆಯಾಗಿ ಗಂಡನ ಮನೆಗೆ ಹೋದದ್ದು ಕೂಡ ಸಾಕು. ಕೆರಳುವ ಮುಂಚೆ ಏನಾಯಿತು, ಎಷ್ಟು ಹೊತ್ತು ಇತ್ತು, ಆಮೇಲೆ ಮನೆಯವರು ಏನು ಮಾಡಿದರು ಎಂದು ತಾಯಿ ಎರಡು ವಾರ ಬರೆದಿಟ್ಟರೆ, ಮೊಬೈಲಿನಲ್ಲೊಂದು ವಿಡಿಯೊ ಹಿಡಿದರೆ, ವೈದ್ಯರ ಅರ್ಧ ಕೆಲಸ ಮುಗಿದಂತೆ.

ಆದರೆ ಯಾವ ವೈದ್ಯರು? ಜಮಖಂಡಿಯಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇನ್ನೂ ದೂರ. ಕೂಲಿ ಬಿಟ್ಟು, ಕೆರಳಿದ ಮಗುವನ್ನು ಬಸ್ಸಿನಲ್ಲಿ ಹಿಡಿದು ಕೂಡಿಸಿಕೊಂಡು ಹೋಗುವುದು ಹೇಳಿದಷ್ಟು ಸುಲಭವಲ್ಲ. ಹಲ್ಲು, ಕಿವಿ, ಹೊಟ್ಟೆ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಅದನ್ನು ಬಿಟ್ಟು ನೇರ ರಿಸ್ಪೆರಿಡೋನ್ ಮಾತ್ರೆ ಬರೆದರೆ ಹುಡುಗ ಸುಮ್ಮನಾಗಬಹುದು, ಹಲ್ಲು ಕೊಳೆಯುತ್ತಲೇ ಇರುತ್ತದೆ. ಆ ಮಾತ್ರೆ ಕೆಲವು ಮಕ್ಕಳಿಗೆ ಬೇಕು ನಿಜ, ಆದರೆ ಹಸಿವು ಮತ್ತು ತೂಕ ಏರಿಸುವ ಔಷಧವದು.

ಇದೆಲ್ಲ ಆರೋಗ್ಯ ಇಲಾಖೆಯ ವಿಷಯ, ಜಿಲ್ಲಾಧಿಕಾರಿಗೇಕೆ ಪತ್ರ ಎಂದು ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಅದರ 8ನೇ ಕಲಮಿನ ಪ್ರಕಾರ ಜಿಲ್ಲೆಯ ಅಂಗವಿಕಲರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡಿರಬೇಕು, ಅಪಾಯದ ಮುನ್ಸೂಚನೆಯನ್ನು ಅವರಿಗೆ ಮುಟ್ಟಿಸಬೇಕು. ಆ ಪ್ರಾಧಿಕಾರದ ಅಧ್ಯಕ್ಷರು ತಾವೇ. ಆಟಿಸಂ ಇರುವವರಿಗೂ ಅನ್ವಯಿಸುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಮಟ್ಟದ ಸಮಿತಿಯಲ್ಲೂ ಜಿಲ್ಲಾಧಿಕಾರಿಗೆ ಸ್ಥಾನವಿದೆ. ಇದೇ ಟ್ರಸ್ಟಿನ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ.

8ನೇ ಕಲಮಿನ ಆ ವಿವರ ಏಕೆ ಬೇಕು? 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳದ ಊರುಗಳು ನೀರಿನಲ್ಲಿ ನಿಂತವು, ಜನ ಪರಿಹಾರ ಕೇಂದ್ರ ಸೇರಿದರು. ಹಾಸಿಗೆ, ಊಟದ ವೇಳೆ, ಮನೆಯ ವಾಸನೆ, ಎಲ್ಲವೂ ಒಂದೇ ರಾತ್ರಿಯಲ್ಲಿ ಬದಲಾಗಿ, ನೂರಾರು ಜನರ ಗದ್ದಲದ ಕೋಣೆಯಲ್ಲಿ ಮಲಗಬೇಕಾದ ಆಟಿಸಂ ಮಗುವನ್ನು ಊಹಿಸಿಕೊಳ್ಳಿ. ಅವನು ಚೀರುವುದು ತಪ್ಪೇ? ಅಂಥ ಕುಟುಂಬಕ್ಕೆ ಶಾಲೆಯ ಒಂದು ಸಣ್ಣ ಕೋಣೆ ಬಿಟ್ಟುಕೊಡಲು ಹೊಸ ಅನುದಾನ ಬೇಕಿಲ್ಲ, ಹೆಸರಿರುವ ಪಟ್ಟಿಯೊಂದು ಮೊದಲೇ ಕೈಯಲ್ಲಿದ್ದರಾಯಿತು.

ಆ ಪಟ್ಟಿ ಮಾಡಲು ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆ ಕರ್ನಾಟಕದಲ್ಲಿದೆ, ಆಶಾ ಕಾರ್ಯಕರ್ತೆಯರಿದ್ದಾರೆ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗುತ್ತವೆ. ಶಾಲೆ ಬಿಟ್ಟು ಮನೆಯಲ್ಲೇ ಉಳಿದ ಮಗು ಆ ತಂಡಗಳ ಕಣ್ಣು ತಪ್ಪುತ್ತದೆ. ತಂಡದವರಿಗೆ ಮನೆ ಬಾಗಿಲು ತೋರಿಸುವವರು ಈ ಕಾರ್ಯಕರ್ತರೇ. ಹೀಗೆ ಗುರುತಿಸಿದ ಮಗುವಿನ ನಡವಳಿಕೆ ಥಟ್ಟನೆ ಬದಲಾದರೆ ಅದೇ ವಾರ ಹಲ್ಲು, ಕಿವಿ, ಹೊಟ್ಟೆ ತಪಾಸಣೆ, ಸರತಿಯಲ್ಲಿ ಕಾಯಿಸದೆ – ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಆಸ್ಪತ್ರೆಗಳಿಗೆ ಇಂಥದೊಂದು ಸುತ್ತೋಲೆ ಹೋಗಲಿ. ಮುಂದಿನ ಮಳೆಗಾಲದ ಪೂರ್ವಸಿದ್ಧತಾ ಸಭೆಯಲ್ಲಿ ಆಟಿಸಂ ಮಕ್ಕಳ ಪಟ್ಟಿ ಎಲ್ಲಿಗೆ ಬಂತೆಂದು ಈ ನಾಲ್ಕೂ ತಾಲ್ಲೂಕುಗಳ ತಹಶೀಲ್ದಾರರನ್ನು ತಾವೇ ಕೇಳಬೇಕೆಂದು ವಿನಂತಿ.