"ಮನೇಲೇ ಕುಡೀಲಿ ಬಿಡಿ, ಕಣ್ಮುಂದೆ ಇರ್ತಾರೆ" | ಭಾಗ 6

ಸೆಕೆಂಡ್ ಪಿಯು ಎಕ್ಸಾಂ ಮುಗೀತು ಅಂದ್ರೆ ಯಾರದ್ದಾದ್ರೂ ಮನೆ ಟೆರೇಸ್ ಮೇಲೆ ಪಾರ್ಟಿ ಇದ್ದೇ ಇರುತ್ತೆ. ಕೇಕು, ಬಿರಿಯಾನಿ, ಸ್ಪೀಕರ್ ಇಷ್ಟಕ್ಕೆ ನಿಂತ್ರೆ ನಂದೇನೂ ತಕರಾರಿಲ್ಲ. ನಾನು ಹೇಳ್ತಿರೋದು ಮೇಲಕ್ಕೆ ಬಿಯರ್ ಹೋಗಿದ್ದು ಗೊತ್ತಿದ್ರೂ ಕೆಳಗೆ ಹಾಲ್‌ನಲ್ಲಿ ಟಿವಿ ನೋಡ್ತಾ ಕೂರೋ ಅಪ್ಪ ಅಮ್ಮನ ಬಗ್ಗೆ. ಹೊರಗೆಲ್ಲೋ ಹೋಗಿ ಕುಡಿಯೋದಕ್ಕಿಂತ ಮನೇನೇ ವಾಸಿ ಅನ್ನೋದು ಅವರ ಲೆಕ್ಕ. ಕ್ಲಾಸಲ್ಲಿ ಅಂಥವರಿಗೆ 'ಕೂಲ್ ಪೇರೆಂಟ್ಸ್' ಅಂತ ಬಿರುದು ಬೇರೆ.

ಕಾನೂನಿಗೆ ಈ ಬಿರುದು ಕಾಣಲ್ಲ ಕಣ್ರಪ್ಪಾ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 77 ಒಂದ್ಸಲ ಓದಿ. 18 ತುಂಬದವರಿಗೆ ಡಾಕ್ಟರ್ ಬರೆದುಕೊಡದೆ ಮದ್ಯ ಕೊಟ್ಟರೂ, ಕೊಡಿಸಿದರೂ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಬಾರ್ ಮಾಲೀಕರಿಗೆ ಮಾತ್ರ ಅಂತ ಅಲ್ಲಿಲ್ಲ. ಹೆತ್ತವರಿಗೆ ರಿಯಾಯಿತಿ ಅಂತಲೂ ಇಲ್ಲ. ಮದುವೆ ಮನೇಲಿ "ಒಂದು ಗುಟುಕು ತಗೊಳೋ, ಏನಾಗಲ್ಲ" ಅಂತ ಗ್ಲಾಸ್ ಮುಂದಿಡೋ ಚಿಕ್ಕಪ್ಪನೂ ಇದರೊಳಗೇ ಬರ್ತಾರೆ.

ನೀವೂ ಬರ್ತೀರಿ. ನಮ್ಮ ಬ್ಯಾಚಲ್ಲಿ ಕೆಲವರಿಗೆ 18 ಆಗಿದೆ, ಕೆಲವರಿಗೆ ಆಗಿಲ್ಲ. ಜನವರಿಯಲ್ಲಿ 18 ತುಂಬಿದವನು ಇನ್ನೂ 17ರಲ್ಲಿರೋ ಫ್ರೆಂಡಿಗೆ ಸುರಿದುಕೊಟ್ರೆ, ಅವನೇ ಅಲ್ಲಿ 'ದೊಡ್ಡವನು'. ಸೆಕ್ಷನ್ ಅದೇ. (18 ದಾಟಿದ್ರೆ ಅಂಗಡಿಯಲ್ಲಿ ಕೊಡ್ತಾರೆ ಅಂದ್ಕೋಬೇಡಿ. ಕರ್ನಾಟಕದಲ್ಲಿ ಮಾರೋರಿಗೆ ಮಿತಿ 21. ಅದನ್ನ 18ಕ್ಕೆ ಇಳಿಸೋ ಕರಡು 2023ರ ಜನವರಿಯಲ್ಲಿ ಬಂದು, ವಿರೋಧ ನೋಡಿ ವಾಪಸ್ ಹೋಯ್ತು.)

ಅಪ್ಪ ಅಮ್ಮ ಕೈಯಾರೆ ಕೊಡಲಿಲ್ಲ, ಜಾಗ ಮಾತ್ರ ಬಿಟ್ಟುಕೊಟ್ರು ಅಂದ್ರೆ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಗೊತ್ತಿದ್ದೂ ನಿಮ್ಮ ಮನೇಲಿ ಕುಡಿಯೋಕೆ ಬಿಟ್ಟರೆ ಅದೇ ಅಪರಾಧ ಅಂತ ಕಾನೂನು ನೇರವಾಗಿ ಹೇಳುತ್ತೆ. ನಮ್ಮ 77ರಲ್ಲಿ ಅಷ್ಟು ನೇರವಾಗಿ ಇಲ್ಲ. ಆದ್ರೆ 75 ಇದೆ, ಮಗುವಿನ ಹೊಣೆ ಹೊತ್ತವರು ಬೇಕಂತಲೇ ನಿರ್ಲಕ್ಷ್ಯ ಮಾಡಿದ್ರೆ ಹಾಕೋ ಸೆಕ್ಷನ್. ದುಡ್ಡೂ ಕೊಟ್ಟು, ಫ್ರಿಜ್ಜಲ್ಲಿ ಜಾಗಾನೂ ಮಾಡಿಕೊಟ್ಟು, ಆಮೇಲೆ "ನಾನೇನೂ ಸುರೀಲಿಲ್ಲ" ಅನ್ನೋ ಮಾತು ಎಷ್ಟು ದೂರ ಹೋಗುತ್ತೆ ಅಂತ ನೀವೇ ಯೋಚಿಸಿ.

2024ರ ಮೇ 19, ಪುಣೆಯ ಕಲ್ಯಾಣಿನಗರ. ಪೋರ್ಶೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಕಾರು ಓಡಿಸ್ತಿದ್ದವನಿಗೆ 17 ವರ್ಷ, ಕುಡಿದಿದ್ದ ಅನ್ನೋದು ಪೊಲೀಸರ ಆರೋಪ. ನಮಗೆ ನೆನಪಿರೋದು 300 ಪದದ ಪ್ರಬಂಧದ ಮೀಮು ಅಷ್ಟೇ. ಅಪ್ಪನ ಮೇಲೆ ಇದೇ 75, 77ರ ಕೇಸು ಬಿತ್ತು. ರಕ್ತದ ಸ್ಯಾಂಪಲ್ ಬದಲಿಸಿದ ಆರೋಪದಲ್ಲಿ ಅಮ್ಮನೂ ಅರೆಸ್ಟ್ ಆದ್ರು. ಅವನು ಹೋಗಿದ್ದು ಪಬ್ಬಿಗೆ, ಮನೆ ಪಾರ್ಟಿಗಲ್ಲ, ಒಪ್ತೀನಿ. ಆದ್ರೆ ಟೆರೇಸ್ ಪಾರ್ಟಿ ಮುಗಿದ ಮೇಲೆ ನೀವೆಲ್ಲ ಮನೆಗೆ ಹೋಗೋದು ಹೇಗೆ? ಅಪ್ಪನ ಆಕ್ಟಿವಾದಲ್ಲಿ ತಾನೇ? 18 ಆಗದವರು ಓಡಿಸಿ ಸಿಕ್ಕಿಬಿದ್ರೆ ಗಾಡಿ ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು, ನಿಮಗೆ 25 ಆಗೋವರೆಗೂ ಲೈಸೆನ್ಸ್ ಇಲ್ಲ. ಇದು ಕುಡೀದೇ ಇದ್ರೂ ಅನ್ವಯ.

ಇಷ್ಟು ಹೇಳಿದ ಮೇಲೂ, 7 ವರ್ಷ ಅನ್ನೋದು ಎಲ್ಲರಿಗೂ ಒಂದೇ ಕೋಲಲ್ಲಿ ಹೊಡೆದಂತೆ ಅನ್ನೋದು ನನ್ನ ಅಭಿಪ್ರಾಯ. ಹಬ್ಬದ ದಿನ ಮಗಳಿಗೆ ಅರ್ಧ ಗ್ಲಾಸ್ ವೈನ್ ಕೊಟ್ಟ ಅಪ್ಪನಿಗೂ, 20 ಹುಡುಗರಿಗೆ ವಿಸ್ಕಿ ತರಿಸಿಕೊಟ್ಟವರಿಗೂ ಸೆಕ್ಷನ್ ಒಂದೇ. ಇದರಿಂದ ಹುಟ್ಟೋ ಭಯ ಕೆಲಸ ಮಾಡೋದೂ ತಪ್ಪು ಹೊತ್ತಲ್ಲಿ. ಬಾಟಲ್ ಬಂದಾಗ ಯಾರಿಗೂ ಹೆದರಿಕೆ ಇರಲ್ಲ. ಒಬ್ಬ ಎಚ್ಚರ ತಪ್ಪಿ ಬಿದ್ದಾಗ ಶುರುವಾಗುತ್ತೆ. "ಆಸ್ಪತ್ರೆಗೆ ಹೋದ್ರೆ ಕೇಸಾಗುತ್ತೆ, ಮಲಗ್ಲಿ ಬಿಡು, ನಿಂಬೆರಸ ಕುಡಿಸು" ಅಂತ ರೂಮಿನ ಬಾಗಿಲು ಹಾಕ್ತಾರೆ. ಇಷ್ಟು ಹೊತ್ತು ಕೂಲ್ ಆಗಿದ್ದ ಆಂಟಿನೂ ಹಾಗೇ ಹೇಳಬಹುದು.

ಆಗ ಅವರ ಮಾತು ಕೇಳ್ಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನಿಂಬೆರಸ, ಮಜ್ಜಿಗೆ ಏನು ಹಾಕಿದ್ರೂ ಉಸಿರಿನ ದಾರಿಗೆ ಇಳಿಯಬಹುದು. ಅಂಗಾತ ಮಲಗಿಸಬೇಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, ವಾಂತಿ ಆದ್ರೆ ಹೊರಗೆ ಬರ್ಲಿ. ಉಸಿರು ನೋಡ್ತಾ ಒಬ್ಬರು ಪಕ್ಕದಲ್ಲೇ ಕೂತಿರಿ. 108ಕ್ಕೆ ಫೋನ್ ಮಾಡಿ, ಏನು ಕುಡಿದಿದ್ದು, ಎಷ್ಟು ಕುಡಿದಿದ್ದು ಅಂತ ಮುಚ್ಚಿಡದೆ ಹೇಳಿ. ಅದು ಯಾರ ಮನೆ ಅನ್ನೋ ಮಾತೆಲ್ಲ ಬೆಳಗ್ಗೆ ನೋಡ್ಕೊಳ್ಳಿ.