ಮತಗಟ್ಟೆಯಾದ ನಾಲ್ಕನೇ ಕ್ಲಾಸು

ಮಂಗಳವಾರ ಬೆಳಿಗ್ಗೆ ಓಟು ಹಾಕಲು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. 2020ರ ಡಿಸೆಂಬರ್ 22, ಕೊರೊನಾದ ನಡುವೆ ಗ್ರಾಮ ಪಂಚಾಯಿತಿ ಚುನಾವಣೆಯ ಮೊದಲ ಹಂತ. ಗೇಟಿನಲ್ಲಿ ಆಶಾ ಕಾರ್ಯಕರ್ತೆ ಹಣೆಗೆ ಜ್ವರ ನೋಡುವ ಪಿಸ್ತೂಲು ಹಿಡಿದರು, ಅಂಗೈಗೆ ಸ್ಯಾನಿಟೈಸರ್ ಸುರಿದರು. ಅಂಗಳದ ತುಂಬ ಸುಣ್ಣದ ವೃತ್ತಗಳು. ಒಂದು ವೃತ್ತಕ್ಕೆ ಒಬ್ಬರು ಎಂದು ಲೆಕ್ಕ. ಮೊದಲು ಬಂದ ಹತ್ತು ಮಂದಿ ಹಾಗೇ ನಿಂತರು. ಆಮೇಲೆ ಬಂದವರಿಗೆ ಅಷ್ಟು ದೂರದಿಂದ ಹರಟೆ ಹೊಡೆಯಲು ಆಗಲಿಲ್ಲವೋ ಏನೋ, ಎರಡು ವೃತ್ತಕ್ಕೆ ಐದು ಮಂದಿಯಂತೆ ಗುಂಪಾದರು. ಗೇಟಿನಾಚೆ ಅಭ್ಯರ್ಥಿಗಳ ಕಡೆಯವರು ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು, ಬಂದವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕ್ಷೇಮ ಸಮಾಚಾರ ಕೇಳುತ್ತಿದ್ದರು.

ನಮ್ಮ ವಾರ್ಡಿನ ಮತಗಟ್ಟೆ ನಾಲ್ಕನೇ ತರಗತಿಯ ಕೋಣೆ. ಬೆಂಚುಗಳನ್ನು ಹಿಂದಿನ ಗೋಡೆಗೆ ಒಂದರ ಮೇಲೊಂದು ಪೇರಿಸಿದ್ದರು. ಮಗ್ಗಿಯ ಚಾರ್ಟಿನ ಒಂದು ಮೂಲೆ ಕಿತ್ತು ಜೋತಾಡುತ್ತಿತ್ತು. ರಟ್ಟಿನ ಮರೆ ಇಟ್ಟ ಮೇಜಿನ ಮೇಲೆ ಮತಪತ್ರ ಬಿಚ್ಚಿ ಮುದ್ರೆ ಒತ್ತಿ, ಮಡಚಿಕೊಂಡು ತಲೆ ಎತ್ತಿದರೆ ಎದುರಿಗೇ ಕರಿಹಲಗೆ. ಅದರ ಬಲಮೂಲೆಯಲ್ಲಿ ಟೀಚರ ದುಂಡಗಿನ ಅಕ್ಷರ: 13-3-2020, ಶುಕ್ರವಾರ. ಕೆಳಗೆ ಹಾಜರಿ: ಹುಡುಗರು 11, ಹುಡುಗಿಯರು 14, ಒಟ್ಟು 25. ಒಂಬತ್ತು ತಿಂಗಳು ಒಂಬತ್ತು ದಿನಗಳಿಂದ ಆ ಹಾಜರಿಯನ್ನು ಯಾರೂ ಒರೆಸಿರಲಿಲ್ಲ.

ಹೊರಗೆ ಬಂದರೆ ಕಿಟಕಿಯ ಸರಳು ಹಿಡಿದು ನಮ್ಮ ಪಕ್ಕದ ಮನೆ ಬಾಯಮ್ಮನ ಮೊಮ್ಮಗ ನಿಂತಿದ್ದ. ಅಜ್ಜಿಯ ಜೊತೆ ಬಂದಿದ್ದ, ಮಕ್ಕಳು ಒಳಗೆ ಬರುವಂತಿಲ್ಲ ಎಂದು ಪೊಲೀಸಿನವರು ತಡೆದಿದ್ದರು. ಅವನು ಆಗ ನಾಲ್ಕನೇ ಕ್ಲಾಸು. ಪರೀಕ್ಷೆಯಿಲ್ಲದೆ ಪಾಸಾಗಿ ನಾಲ್ಕಕ್ಕೆ ಬಂದವನು. ಅಂದರೆ ಅದು ಅವನ ಕೋಣೆ. ಅದರೊಳಗೆ ಅವನು ಒಂದು ದಿನವೂ ಕೂತಿರಲಿಲ್ಲ. ಹಲಗೆ ನೋಡಿ ಓದುತ್ತಿದ್ದ. ಅಂಕೆಗಳನ್ನು ಪಟಪಟ ಓದಿದ. ಮುಂದಿನದಕ್ಕೆ ಬಂದಾಗ ನಿಂತ. ‘ಶು...’ ಎಂದ. ಸ್ವಲ್ಪ ಹೊತ್ತು ನೋಡಿದ. ‘ಶುಕರವಾರ’ ಎಂದ. ‘ಕ’ಗೆ ‘ರ’ ಒತ್ತು ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, ಮಾಸ್ಕನ್ನು ಕಣ್ಣಿನವರೆಗೆ ಏರಿಸಿಕೊಂಡು, ಅಜ್ಜಿ ಬಂದಳಾ ಎಂದು ಬಾಗಿಲ ಕಡೆ ತಿರುಗಿದ.

ಮೂರನೇ ಕ್ಲಾಸಿನಲ್ಲಿ ಈ ಹುಡುಗ ಒತ್ತಕ್ಷರ ಚೆನ್ನಾಗಿಯೇ ಓದುತ್ತಿದ್ದ. ನಮ್ಮ ಜಗಲಿಯಲ್ಲಿ ಕೂತು ಅಂಗಡಿಯಿಂದ ಸಾಮಾನು ಕಟ್ಟಿ ತಂದ ಪೇಪರು ಓದಿದ್ದನ್ನು ನಾನೇ ಕೇಳಿದ್ದೇನೆ. ಅವನ ಮನೆಯಲ್ಲಿ ಸ್ಮಾರ್ಟ್‌ಫೋನು ಒಂದೇ, ಅದು ಅಪ್ಪನದು. ಅಪ್ಪ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಟೀಚರು ವಾಟ್ಸ್‌ಆ್ಯಪಿನಲ್ಲಿ ಹಾಕಿದ ಅಭ್ಯಾಸದ ಹಾಳೆಯನ್ನು ರಾತ್ರಿ ಊಟದ ನಂತರ ಇವನು ನಕಲು ಮಾಡುತ್ತಿದ್ದ. ಓದುತ್ತಿರಲಿಲ್ಲ, ನಕಲು ಮಾಡುತ್ತಿದ್ದ. ಚಿತ್ರ ಬರೆದ ಹಾಗೆ. ಅಕ್ಷರ ಮುತ್ತಿನಂತಿತ್ತು.

ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಯಿತು. ಶಾಲೆಯ ಬಾಗಿಲು ತೆರೆಯುವಂತಿಲ್ಲವಾದ್ದರಿಂದ ಟೀಚರುಗಳೇ ಮಕ್ಕಳಿದ್ದಲ್ಲಿಗೆ ಬಂದರು. ದೇವಸ್ಥಾನದ ಜಗಲಿ, ಭಜನಾ ಮಂದಿರ, ಮರದ ಕಟ್ಟೆ, ಸಿಕ್ಕಿದಲ್ಲಿ ಪಾಠ. ಗಾಳಿಯಾಡುವ ಜಾಗ, ಸಣ್ಣ ಗುಂಪು. ಆ ವರ್ಷ ಸರ್ಕಾರಕ್ಕೆ ಹೊಳೆದ ಒಳ್ಳೆಯ ಐಡಿಯಾ ಇದೊಂದೇ ಎಂದು ಈಗಲೂ ನನ್ನ ಅಭಿಪ್ರಾಯ. ಅಕ್ಟೋಬರಿನಲ್ಲಿ ಕೆಲವೆಡೆ ಟೀಚರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂತು, ಯೋಜನೆಯನ್ನು ಇಡೀ ರಾಜ್ಯದಲ್ಲಿ ನಿಲ್ಲಿಸಿದರು. ಸರಿಪಡಿಸುವುದು ಬೇರೆ, ನಿಲ್ಲಿಸುವುದು ಬೇರೆ. ನಿಲ್ಲಿಸುವುದು ಸುಲಭ, ಒಂದು ಸುತ್ತೋಲೆ ಸಾಕು. ಅದರ ಬೆನ್ನಿಗೇ ಇನ್ನೊಂದು ಘೋಷಣೆ ಬಂತು ನೋಡಿ, ಅದನ್ನು ನೆನೆದಾಗಲೆಲ್ಲ ನಗು ಬರುತ್ತದೆ: ಅಕ್ಟೋಬರ್ 12ರಿಂದ 30ರವರೆಗೆ ಶಾಲೆಗಳಿಗೆ ಮಧ್ಯಂತರ ರಜೆ! ತೆರೆಯದ ಶಾಲೆಗೆ ಮೂರು ವಾರ ರಜೆ. ನಮ್ಮ ಹುಡುಗ ಅವತ್ತು ಕೇಳಿದ್ದ, ‘ಈ ರಜೆಗೂ ಮೊದಲಿನ ರಜೆಗೂ ಎಂತ ವ್ಯತ್ಯಾಸ?’

ಶಾಲೆ ಬಿಟ್ಟು ಉಳಿದದ್ದೆಲ್ಲ ಒಂದೊಂದಾಗಿ ತೆರೆಯುತ್ತ ಹೋಯಿತು. ಮೇ 4ರಂದು ಹೆಂಡದಂಗಡಿ ತೆರೆಯಿತು. ಸೆಪ್ಟೆಂಬರ್ 1ಕ್ಕೆ ಬಾರಿನಲ್ಲಿ ಕೂತು ಕುಡಿಯಬಹುದು ಎಂದಾಯಿತು. ಅಕ್ಟೋಬರಿನಲ್ಲಿ ಸಿನಿಮಾ ಟಾಕೀಸು. ನವೆಂಬರ್ 3ಕ್ಕೆ ಶಿರಾ, ರಾಜರಾಜೇಶ್ವರಿ ನಗರದ ಉಪಚುನಾವಣೆ. ಅದರ ರೋಡ್ ಶೋಗಳನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ಮದುವೆ ಹಾಲುಗಳು ಯಾವತ್ತಿನಿಂದ ತುಂಬತೊಡಗಿದವೋ ನನಗೆ ನೆನಪೇ ಇಲ್ಲ. ಕಾಲೇಜು ನವೆಂಬರ್ 17ಕ್ಕೆ. ಶಾಲೆ ಮಾತ್ರ ಡಿಸೆಂಬರ್ ಮುಗಿಯುವವರೆಗೆ ಬೇಡ ಎಂದು ತಜ್ಞರ ಸಲಹೆಯ ಮೇಲೆ ನವೆಂಬರಿನಲ್ಲೇ ತೀರ್ಮಾನ.

ತಪ್ಪೆಲ್ಲ ಸರ್ಕಾರದ್ದು ಎಂದರೆ ಸುಳ್ಳಾಗುತ್ತದೆ. ನಾವೇ ಹೆದರಿದ್ದೆವು. ಜೂನ್ ತಿಂಗಳಿನಲ್ಲಿ ಯಾರಾದರೂ ಶಾಲೆ ತೆರೆಯಿರಿ ಎಂದಿದ್ದರೆ ನಾನೇ ಈ ಅಂಕಣದಲ್ಲಿ ಜಗಳಕ್ಕೆ ನಿಲ್ಲುತ್ತಿದ್ದೆ. ಡಿಸೆಂಬರಿನ ಹೊತ್ತಿಗೆ ರಾಜ್ಯದಲ್ಲಿ ಸೋಂಕಿತರ ಸಂಖ್ಯೆ 9 ಲಕ್ಷ ದಾಟಿತ್ತು, ಸತ್ತವರು 12 ಸಾವಿರದಷ್ಟು. ಅದರಲ್ಲಿ ಇಬ್ಬರ ಮನೆಯ ಊಟ ನಾನು ಉಂಡವನು. ಹೆದರಿಕೆ ಸುಳ್ಳಲ್ಲ. ಆದರೆ ಅದೇ ಹೆದರಿಕೆಯ ದಿನಗಳಲ್ಲಿ, ಜೂನ್ 25ರಿಂದ, ಇದೇ ಸರ್ಕಾರ 8 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕೂರಿಸಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾಡಿಸಿತು. ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಅವರನ್ನು ಅವತ್ತು ಬೈದವರೂ ಆಮೇಲೆ ಬೆನ್ನು ತಟ್ಟಿದರು. ದೂರದೂರ ಡೆಸ್ಕು, ಜ್ವರ ತಪಾಸಣೆ, ಮಾಸ್ಕು, ಬಸ್ಸು, ಎಲ್ಲವೂ ಹೊಂದಿಬಂತು. ಅಂದಮೇಲೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ ಅದು. ಪರೀಕ್ಷೆ ಮಾಡಿಸಲು ಬಂತು, ಪಾಠ ಮಾಡಿಸಲು ಬರಲಿಲ್ಲ. ಪರೀಕ್ಷೆಯೆಂದರೆ ತಾರೀಖು ಇರುತ್ತದೆ, ಫಲಿತಾಂಶ ಇರುತ್ತದೆ, ನಡೆಯದಿದ್ದರೆ ಗಲಾಟೆ ಆಗುತ್ತದೆ. ಮೂರನೇ ಕ್ಲಾಸಿನವನ ಒತ್ತಕ್ಷರ ಕಳೆದುಹೋದರೆ ಯಾರ ಮನೆಯ ಮುಂದೆ ಧರಣಿ ಕೂರುತ್ತಾರೆ?

ಇರಲಿ, ಓಟಿನ ಮರುದಿನಕ್ಕೆ ಬರುತ್ತೇನೆ. ಬುಧವಾರ ಬಾಯಮ್ಮನ ಮನೆಯಲ್ಲಿ ಕ್ರಿಸ್ಮಸ್ ತಿಂಡಿ ಕುಸ್ವಾರಿಗೆ ಎಣ್ಣೆ ಕಾಯುತ್ತಿತ್ತು. ನೆವ್ರಿ ಆಗಿತ್ತು, ಗುಳಿಯೊ ಆಗಿತ್ತು, ಹುಡುಗ ಫೋರ್ಕಿನ ಬೆನ್ನಿನ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡಿ ಕಿಡಿಯೊ ಉದುರಿಸುತ್ತಿದ್ದ. ಅಂಗಳದಲ್ಲಿ ಗೋದಲಿಗೆ ಬೈಹುಲ್ಲು ಹಾಸಿ ಆಗಿತ್ತು. ಅಷ್ಟರಲ್ಲಿ ಟಿವಿಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಬಂದರು: ಇಂದಿನಿಂದಲೇ ಜನವರಿ 2ರವರೆಗೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ. ಇಂಗ್ಲೆಂಡಿನಲ್ಲಿ ವೈರಸ್ಸು ರೂಪ ಬದಲಿಸಿದೆಯಂತೆ, ಅದಕ್ಕೆ.

ಬಾಯಮ್ಮ ಜಾಲರಿ ಸೌಟನ್ನು ಅಲ್ಲೇ ಹಿಡಿದುಕೊಂಡು ಇಗರ್ಜಿಯ ವಾಳೆಯ, ಅಂದರೆ ವಾರ್ಡಿನ, ಗುರಿಕಾರರಿಗೆ ಫೋನು ಹಚ್ಚಿದರು. ಆ ಸಲ ಇಗರ್ಜಿಯಲ್ಲಿ ಜನ ಕಡಿಮೆ ಮಾಡಬೇಕೆಂದು ಹಬ್ಬದ ಬಲಿಪೂಜೆಯನ್ನೇ ಮೂರು ಪಾಳಿ ಮಾಡಿದ್ದರು. ಯಾವ ಮನೆಗೆ ಯಾವ ಪಾಳಿ ಎಂದು ಗುರಿಕಾರರು ವಾರದಿಂದ ಮನೆಮನೆಗೆ ಫೋನು ಮಾಡಿ ಹೇಳಿ ಮುಗಿಸಿದ್ದರು. ಪಾಪ, ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಸಂಜೆಯ ಹೊತ್ತಿಗೆ ಕರ್ಫ್ಯೂ 11ರಿಂದ 5 ಆಯಿತು, ಶುರುವಾಗುವುದೂ ಗುರುವಾರಕ್ಕೆ ಹೋಯಿತು. 24ರ ನಡುರಾತ್ರಿಯ ಪೂಜೆಗೆ ವಿನಾಯಿತಿ ಇದೆ ಎಂದರು. ಗುರಿಕಾರರು ಮೂರನೇ ಸುತ್ತು ಫೋನು. ಬಸ್ಸಿಗೆ ವಿನಾಯಿತಿ, ರೈಲಿಗೆ ವಿನಾಯಿತಿ, ಸರಕಿನ ಲಾರಿಗೆ ವಿನಾಯಿತಿ, ಟಿಕೆಟ್ ತೋರಿಸಿದವರಿಗೆ ವಿನಾಯಿತಿ. ಇಷ್ಟೆಲ್ಲ ಬಿಟ್ಟ ಮೇಲೆ ಉಳಿದದ್ದು ನಮ್ಮೂರ ಬಸ್‌ಸ್ಟ್ಯಾಂಡಿನ ನಾಯಿಗಳು. ಅವು ಮೊದಲೇ ರಾತ್ರಿ ಹನ್ನೊಂದಕ್ಕೆ ಮಲಗುವವು. ಗುರುವಾರ ಸಂಜೆ, ಶುರುವಾಗಲು ಕೆಲವೇ ಗಂಟೆ ಇರುವಾಗ, ಕರ್ಫ್ಯೂವನ್ನೇ ವಾಪಸ್ ಪಡೆದರು. ಅಗತ್ಯವಿಲ್ಲ ಎಂಬ ಸಾರ್ವಜನಿಕ ಅಭಿಪ್ರಾಯ ಬಂದದ್ದರಿಂದ, ಎಂದರು. ನಾಲ್ಕನೇ ಸಲ ಗುರಿಕಾರರ ಫೋನು ಬಂದಾಗ ಬಾಯಮ್ಮ ಎತ್ತಲೇ ಇಲ್ಲ. ‘ನಾನು ಸಂಜೆಯ ಪೂಜೆಗೇ ಹೋಗುತ್ತೇನೆ, ಇನ್ನು ಯಾರೂ ನನಗೆ ಏನೂ ಹೇಳುವುದು ಬೇಡ’ ಎಂದು ತುಳುವಿನಲ್ಲಿ ಗದರಿದರು.

ನವೆಂಬರಿನಲ್ಲಿ ಪಟಾಕಿಯ ವಿಷಯದಲ್ಲೂ ಇದೇ ಆಗಿತ್ತು. ಮೊದಲು ನಿಷೇಧ, ಆಮೇಲೆ ಹಸಿರು ಪಟಾಕಿ ಪರವಾಗಿಲ್ಲ. ಡಿಸೆಂಬರಿನ ಇನ್ನೊಂದು ಮಾರ್ಗಸೂಚಿ ಹಬ್ಬದಲ್ಲಿ ಹಸ್ತಲಾಘವ, ಆಲಿಂಗನ ಬೇಡ ಎಂದಿತು. ನಮ್ಮೂರಿನಲ್ಲಿ ಹಬ್ಬಕ್ಕೆ ಆಲಿಂಗನ ಮಾಡಿಕೊಂಡವರನ್ನು ನಾನು ಈ ಐವತ್ತು ವರ್ಷದಲ್ಲಿ ನೋಡಿಲ್ಲ. ಗೇಟಿನಲ್ಲಿ ನಿಂತು ‘ಊಟ ಆಯ್ತಾ’ ಎಂದರೆ ನಮ್ಮ ಪ್ರೀತಿ ಮುಗಿಯಿತು.

ಬಾಯಮ್ಮನಿಗೆ ಸಿಟ್ಟು ಬರಲು ಇನ್ನೊಂದು ಕಾರಣವಿತ್ತು. ಅವರ ಎರಡನೇ ಮಗಳು ಲಂಡನ್ನಿನಲ್ಲಿ ನರ್ಸು. ಮಾರ್ಚಿನಿಂದ ರಜೆ ಸಿಕ್ಕಿರಲಿಲ್ಲ, ತಿಂಗಳ ಕೊನೆಗೆ ಹೊರಟು ಬರುವುದಿತ್ತು. 22ರ ಮಧ್ಯರಾತ್ರಿಯಿಂದ ಅಲ್ಲಿಂದ ಬರುವ ವಿಮಾನಗಳೆಲ್ಲ ಬಂದ್. ಅಲ್ಲಿನ ಕಥೆಯನ್ನು ಆಕೆ ವಿಡಿಯೊ ಕರೆಯಲ್ಲಿ ಹೇಳಿದಳು. ಹಬ್ಬಕ್ಕೆ ಐದು ದಿನ ಮೂರು ಮನೆಯವರು ಸೇರಬಹುದು ಎಂದು ಸರ್ಕಾರವೇ ಮಾತು ಕೊಟ್ಟಿತ್ತು. 19ನೇ ತಾರೀಖು ಪ್ರಧಾನಿ ಬೋರಿಸ್ ಜಾನ್ಸನ್ ಬಂದು, ಲಂಡನ್ನಿನವರು ಬೇರೆ ಯಾರ ಮನೆಗೂ ಹೋಗುವಂತಿಲ್ಲ ಎಂದರು. ಹಬ್ಬದಡುಗೆಗೆ ತಂದಿಟ್ಟದ್ದೆಲ್ಲ ಫ್ರಿಜ್ಜಿನಲ್ಲಿ. ಹಾಗೆ ನೋಡಿದರೆ ಮಾತು ತಿರುಗಿಸುವುದರಲ್ಲಿ ಅವರು ನಮಗಿಂತ ಕಡಿಮೆಯೇನಿಲ್ಲ.

ಆದರೆ ಆಕೆ ಹೇಳಿದ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಉಳಿಯಿತು. ಲಂಡನ್ನಿನ ಗ್ರೀನಿಚ್ ಎಂಬ ಕಡೆ ಸ್ಥಳೀಯ ಕೌನ್ಸಿಲು, ಸೋಂಕು ಏರುತ್ತಿದೆ ಎಂದು ರಜೆಗೆ ಕೆಲವು ದಿನ ಮೊದಲೇ ಶಾಲೆ ಮುಚ್ಚಲು ಹೊರಟಿತಂತೆ. ಮುಚ್ಚಿದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ಕೇಂದ್ರ ಸರ್ಕಾರವೇ ಬೆದರಿಸಿ ತೆರೆಸಿತು. ಅದು ಸರಿಯೋ ತಪ್ಪೋ, ಅಲ್ಲಿನ ಟೀಚರುಗಳನ್ನು ಕೇಳಿದರೆ ಬೈದಾರು. ಜರ್ಮನಿಯಲ್ಲಿ 16ರಿಂದ ಶಾಲೆ ಮುಚ್ಚಿದರು, ಅಲ್ಲಿಯೂ ಜಗಳ. ನನಗೆ ಕಂಡದ್ದು ಇಷ್ಟು: ಲಂಡನ್ನಿನಲ್ಲಿ ನಾಲ್ಕು ದಿನದ ಶಾಲೆಗಾಗಿ ಎರಡು ಸರ್ಕಾರಗಳು ಕಚ್ಚಾಡಿದವು. ಇಲ್ಲಿ ಒಂಬತ್ತು ತಿಂಗಳಿಗೆ ಒಂದು ಗಟ್ಟಿ ದನಿ ಏಳಲಿಲ್ಲ. ಎದ್ದದ್ದು ಖಾಸಗಿ ಶಾಲೆಗಳ ಫೀಸಿನ ಜಗಳ ಒಂದೇ. ರಾತ್ರಿ ಕರ್ಫ್ಯೂವಿಗೆ ಮೂವತ್ತು ಗಂಟೆಯೊಳಗೆ ‘ಸಾರ್ವಜನಿಕ ಅಭಿಪ್ರಾಯ’ ಹುಟ್ಟಿಕೊಂಡಿತು. ಹೋಟೆಲಿನವರು ಫೋನು ಮಾಡಿದರು, ಆಟೋದವರು ಮಾಡಿದರು, ವಿರೋಧ ಪಕ್ಷದವರು ಹೇಳಿಕೆ ಕೊಟ್ಟರು. ಅವರೆಲ್ಲ ಮಾಡಿದ್ದು ಸರಿಯೇ. ನಾಲ್ಕನೇ ಕ್ಲಾಸಿನ ಇಪ್ಪತ್ತೈದು ಮಕ್ಕಳ ಹತ್ತಿರ ಫೋನಿಲ್ಲ. ಇದ್ದರೂ ಅದು ಅಪ್ಪನ ಕಿಸೆಯಲ್ಲಿರುತ್ತದೆ.

ಹೊಸ ವರ್ಷದ ಮೊದಲ ದಿನ ಶಾಲೆ ತೆರೆಯುತ್ತದೆ ಎಂದು ಆದೇಶ ಬಂದಿತ್ತು. ಹತ್ತನೇ ತರಗತಿ, ಎರಡನೇ ಪಿಯುಸಿ. ಆರರಿಂದ ಒಂಬತ್ತರವರೆಗಿನ ಮಕ್ಕಳಿಗೆ ಶಾಲೆಯ ಆವರಣದಲ್ಲೇ ವಿದ್ಯಾಗಮ. ಎದುರು ಮನೆಯ ಹುಡುಗಿ ಎಂಟನೇ ಕ್ಲಾಸು. ಯೂನಿಫಾರ್ಮ್ ಹಾಕಿ ನೋಡಿದರೆ ಲಂಗ ಮೊಣಕಾಲಿನ ಮೇಲಕ್ಕೆ ಹೋಗಿತ್ತು, ಟೈಲರನ ಹತ್ತಿರ ಮಡಿಕೆ ಬಿಚ್ಚಿಸಲು ಓಡಿದ್ದರು. ಒಂದರಿಂದ ಐದರವರೆಗಿನವರ ಹೆಸರು ಆದೇಶದಲ್ಲಿ ಎಲ್ಲೂ ಇರಲಿಲ್ಲ.

ಶುಕ್ರವಾರ, ಕ್ರಿಸ್ಮಸ್ ದಿನ, ಹತ್ತು ಗಂಟೆಗೆ ಹುಡುಗ ನಮ್ಮ ಗೇಟಿಗೆ ಬಂದ. ಹೊಸ ಅಂಗಿ, ಅದೇ ಬಟ್ಟೆಯ ಮಾಸ್ಕು. ಅಂಗಿಯಲ್ಲಿ ಉಳಿದ ತುಂಡಿನಿಂದ ಬಾಯಮ್ಮನೇ ಹೊಲಿದದ್ದು. ಕೈಯಲ್ಲಿ ಸ್ಟೀಲಿನ ತಟ್ಟೆ, ಮೇಲೆ ಬಾಳೆಲೆಯ ತುಂಡು. ಈ ವರ್ಷ ಕುಸ್ವಾರು ಹಂಚುವುದೋ ಬೇಡವೋ ಎಂದು ಬಾಯಮ್ಮ ಎರಡು ದಿನ ಯೋಚನೆ ಮಾಡಿ, ಕೊನೆಗೆ ‘ಎಣ್ಣೆಯಲ್ಲಿ ಕುದಿದದ್ದಕ್ಕೆ ಎಂತ ಕೊರೊನಾ’ ಎಂದು ತೀರ್ಮಾನಿಸಿದ್ದರಂತೆ. ಒಳಗೆ ಬಾ ಎಂದೆ. ‘ಬರ್ಲಿಕ್ಕಿಲ್ಲ, ಅಜ್ಜಿ ಬೈತಾರೆ’ ಎಂದ.

ತಟ್ಟೆ ತೆಗೆದುಕೊಳ್ಳುವಾಗ ಕೇಳಿದ, ‘ಅಂಕಲ್, ಒಂದನೇ ತಾರೀಖಿಗೆ ನಮಗೂ ಶಾಲೆ ಉಂಟಾ?’

‘ದೊಡ್ಡವರಿಗೆ ಮಾತ್ರ ಮಾರಾಯ. ನಿಮ್ಮದು ಇನ್ನೂ ಹೇಳಲಿಲ್ಲ.’

ಅವನು ಗೇಟಿನ ಚಿಲಕವನ್ನು ಮೇಲೆ ಕೆಳಗೆ ಮಾಡುತ್ತ ಸ್ವಲ್ಪ ಹೊತ್ತು ನಿಂತ. ಆಮೇಲೆ ಕೇಳಿದ, ‘ಹಾಗಾದ್ರೆ ಇನ್ನೊಮ್ಮೆ ಓಟು ಯಾವಾಗ?’

ಪಂಚಾಯಿತಿಗಾದರೆ ಐದು ವರ್ಷ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಟ್ಟೆಯನ್ನು ಖಾಲಿ ವಾಪಸ್ ಕೊಡುವ ಕ್ರಮ ನಮ್ಮಲ್ಲಿಲ್ಲ. ಏನಾದರೂ ಸಿಹಿ ಇದೆಯಾ ಎಂದು ಹುಡುಕಲು ಒಳಗೆ ಹೋದೆ.