ರೋಬೋಟ್ ಜಾಹೀರಾತು ಸಾಕು, ಹತ್ತಿರದಲ್ಲಿ ರೇಡಿಯೇಷನ್ ಕೊಡಿ

ಪ್ರಾಸ್ಟೇಟ್ ಕ್ಯಾನ್ಸರ್ ಅಂದರೆ ಸಾಕು, ದೊಡ್ಡ ಊರಿನ ಆಸ್ಪತ್ರೆಗಳು ರೋಬೋಟ್ ಆಪರೇಷನ್ ಜಾಹೀರಾತು ಮುಂದಿಡುತ್ತವೆ. ನೋಡಿದವರಿಗೆ ಅದೊಂದೇ ದಾರಿ ಅನ್ನಿಸುತ್ತದೆ. ಹಾಗಲ್ಲ.

ಬ್ರಿಟನ್ನಿನಲ್ಲಿ, ರೋಗ ಗ್ರಂಥಿ ಬಿಟ್ಟು ಹರಡದ 1,643 ಗಂಡಸರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಇನ್ನೊಂದಕ್ಕೆ ಆಗಾಗ ತಪಾಸಣೆ ಮಾತ್ರ. 15 ವರ್ಷದ ಲೆಕ್ಕ 2023ರಲ್ಲಿ ಬಂತು. ತಪಾಸಣೆಯವರಲ್ಲಿ ರೋಗ ಹರಡಿದ್ದು ಹೆಚ್ಚು, ನಿಜ. ಆದರೆ ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಮೂವರ ಆಸುಪಾಸು.

ಹಾಗಾದರೆ ನಮ್ಮವರು ರೇಡಿಯೇಷನ್ ಅಂದರೆ ಹಿಂಜರಿಯುವುದೇಕೆ? ದಿನಗಳ ಲೆಕ್ಕಕ್ಕೆ. 37 ಸಲ ಅಂದರೆ ಏಳು ವಾರ ದಾಟುತ್ತದೆ. ಕಾರ್ಡು ಚಿಕಿತ್ಸೆಯ ಬಿಲ್ಲು ನೋಡಿಕೊಂಡರೂ ಬೆಂಗಳೂರಿನ ರೂಮಿನ ಬಾಡಿಗೆ ಯಾರು ಕೊಡುತ್ತಾರೆ? ಜೊತೆಗೆ ಹೋದ ಮಗನ ಕೂಲಿ ಯಾರು ತುಂಬುತ್ತಾರೆ?

20 ಸಲ ಕೊಟ್ಟರೂ ಫಲ ಅಷ್ಟೇ ಎಂದು 2016ರಲ್ಲೇ ಬ್ರಿಟನ್ನಿನ ಪರೀಕ್ಷೆ ತೋರಿಸಿದೆ. ರೋಗ ಅಷ್ಟು ತೀವ್ರವಲ್ಲದವರಿಗೆ 5 ಸಲವೇ ಸಾಕು ಎಂದು 2024ರಲ್ಲಿ ಇನ್ನೊಂದು ಪರೀಕ್ಷೆ ಹೇಳಿತು. ಇದು ಹಳ್ಳಿಯವರಿಗೇ ಹೆಚ್ಚು ಬೇಕಾದ ಸುದ್ದಿ. ಆದರೆ ಇದಕ್ಕೆ ಯಾರೂ ಬೋರ್ಡು ಹಾಕಿಸುವುದಿಲ್ಲ.

ಡಾಕ್ಟರನ್ನು ನೇರವಾಗಿ ಕೇಳಿ: ಆಪರೇಷನ್ನೇ ಬೇಕಾ? ರೇಡಿಯೇಷನ್ ಆದರೆ ಎಷ್ಟು ಸಲ? ಕಡಿಮೆ ಸಲದಲ್ಲಿ ನನಗೆ ಆಗುತ್ತದಾ? ಓಟು ಕೇಳಲು ಬಂದವರನ್ನೂ ಕೇಳಿ: ನಮ್ಮ ಜಿಲ್ಲೆಯಲ್ಲಿ ರೇಡಿಯೇಷನ್ ಮಷೀನು ಎಲ್ಲಿದೆ?

ಅಜ್ಜನಿಗೆ ಮೂತ್ರ ಕಟ್ಟಿದರೆ, ರಕ್ತ ಬಂದರೆ, ವಯಸ್ಸಾಯಿತು ಅಂತ ಸುಮ್ಮನಿರಬೇಡಿ. ತಡವಾಗಿ ಹೋದರೆ ಈ ಮೂರು ದಾರಿಯೂ ಮುಚ್ಚಿರಬಹುದು.